ಪುಸ್ತಕ ಮುಚ್ಚಿದ ಮೇಲೆ

ಬೆಥೆಸ್ಡಾದಲ್ಲಿ ಗುಡ್ಡವೇ ಸ್ಲೇಟು.
ಸೂರು ಸ್ಲೇಟು, ಬೇಲಿ ಸ್ಲೇಟು, ಗೋರಿಯೂ ಅದೇ.
ನನ್ನ ನಾಲ್ಕನೇ ತರಗತಿಯಲ್ಲಿ ಮಾತ್ರ
ಮಡಿಲಗಲದ ಬಿಳಿ ಹಲಗೆ,
ಒರೆಸಲಿಕ್ಕೆ ಜೋಡಿ ತಪ್ಪಿದ ಕಾಲುಚೀಲ.

ಸೋಮವಾರ ಒಂಬತ್ತಕ್ಕೆ, ಗೂಟದಲ್ಲಿ ಕೋಟುಗಳಿನ್ನೂ ತೊಟ್ಟಿಕ್ಕುವಾಗ,
ನಾನು ಹೇಳುವುದಿಷ್ಟೇ: ಪುಸ್ತಕ ಮುಚ್ಚಿ.
ಶುಕ್ರವಾರದ್ದೊಂದು, ಹೋದ ತಿಂಗಳದ್ದೊಂದು,
ಎಲೆ ಉದುರುವ ಕಾಲದಲ್ಲಿ ಕಲಿತು
ಎಲೆಯೊಡನೆ ಉದುರಿಸಿಕೊಂಡದ್ದೊಂದು.
ಅಂಕವಿಲ್ಲ, ಹೆದರಬೇಡಿ.
ನೋಡಿ ಬರೆಯುವುದಲ್ಲ, ತೋಡಿ ಬರೆಯಿರಿ.

ಆಗ ಆ ಮುಖಗಳನ್ನು ನೀವು ನೋಡಬೇಕು.
ಮ್ಯಾಕ್ಸೆನ್ ಏಳೆಂಟಲಿ ಐವತ್ನಾಲ್ಕು ಬರೆದು,
ಅನುಮಾನಿಸಿ, ಒರೆಸಿ, ಮತ್ತೆ ಅದನ್ನೇ ಬರೆಯುತ್ತಾನೆ.
ಜುಜಾನಾಗೆ ಪದ ಬರುತ್ತದೆ,
ಬಂದು ನಾಲಿಗೆಯ ತುದಿಯಲ್ಲಿ ಕೂತು
ಕಾಲಾಡಿಸುತ್ತದೆ, ಇಳಿಯುವುದಿಲ್ಲ.
ಗೆಥಿನ್‌ನ ಹಲಗೆ ಖಾಲಿ.
ಮೂರು ವಾರದಿಂದ ಖಾಲಿ.
"ನಿನ್ನೆ ಗೊತ್ತಿತ್ತು ಮಿಸ್," ಅನ್ನುತ್ತಾನೆ,
ಯಾರೋ ಜೇಬಿನಿಂದ ಎಗರಿಸಿದ ಹಾಗೆ.

ಮೊದಮೊದಲು ನಾನೇ ಹೇಳಿಬಿಡುತ್ತಿದ್ದೆ, ಅಯ್ಯೋ ಪಾಪ ಅನ್ನಿಸಿ.
ಹಳದಿ ಗೆರೆ ಎಳೆಸಿ, ಮತ್ತೆ ಮತ್ತೆ ಓದಿಸಿ,
ಮೂವತ್ತು ತಲೆ ಹೂಂಗುಟ್ಟಿದರೆ ಹಿಗ್ಗುತ್ತಿದ್ದೆ.
ಈಸ್ಟರ್ ರಜೆ ಕಳೆದು ಬಂದರೆ
ಎಲ್ಲ ಪುಸ್ತಕದ ಬದನೆಕಾಯಿ,
ಪುಸ್ತಕದಲ್ಲೇ ತಾಜಾ.

ಇವತ್ತು ಅವನ ಪಕ್ಕ ಪುಟ್ಟ ಕುರ್ಚಿಯಲ್ಲಿ ಕೂತು ಕೇಳಿದೆ:
ನಿಮ್ಮ ಗುಡ್ಡಕ್ಕೆ ಬೇಲಿಯಿಲ್ಲವಲ್ಲ,
ಕುರಿಗಳಿಗೆ ತಮ್ಮ ಜಾಗ ಹೇಗೆ ಗೊತ್ತು?
ಗೆಥಿನ್ ನನ್ನನ್ನು ನೋಡಿದ ನೋಟದಲ್ಲಿ
ಟೀಚರಿಗೆ ಇಷ್ಟೂ ತಿಳಿಯದೇ ಅಂತಿತ್ತು.
"ನಡೀತಾವಲ್ಲ ಮಿಸ್. ಕಾಲು ಬಿದ್ದಲ್ಲಿ ಹುಲ್ಲು ಬರಲ್ಲ.
ತಾಯಿ ಹಿಂದೆ ಮರಿ ನಡೀತದೆ, ಆಮೇಲೆ ಒಂದೇ ನಡೀತದೆ.
ದಾರಿ ತಪ್ಪಿದ್ದನ್ನ ಎತ್ತಿಕೊಂಡು ಬರಬಾರದು ಅಂತಾರೆ ಅಜ್ಜಿ.
ಎತ್ತಿಕೊಂಡು ಬಂದರೆ
ದಾರಿ ಗೊತ್ತಾಗೋದು ನಮಗೆ, ಅದಕ್ಕಲ್ಲ."

ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು.
ಹಲಗೆಯ ಮೂಲೆಯಲ್ಲಿ ಒಂದಕ್ಷರ ಬರೆದೆ, ಸೆ.
ಕಾರ್‌ನಾರ್ವನ್‌ನ ರೋಮನ್ ಕೋಟೆ, ನವೆಂಬರಿನದು,
ಬಸ್ಸಿನಲ್ಲಿ ಹೋಗಿದ್ದೆವು, ನೀನು ವಾಂತಿ ಮಾಡಿದ್ದೆ.
ನಕ್ಕ. ಕೆನ್ನೆ ತುರಿಸಿದ.
ಕಿಟಕಿಯಾಚೆ ಮೋಡವೊಂದು ಗಣಿಯ ಮೆಟ್ಟಿಲಿಳಿದು
ಮತ್ತೆ ಹತ್ತುವಷ್ಟು ಹೊತ್ತು.
ಆಮೇಲೆ ಬರೆದ: ಸೆಗಂಟಿಯೋ.

ಪುಸ್ತಕ ತೆಗೆದು ತಾನೇ ಹೋಲಿಸಿದ. ಸೆಗಾಂಟಿಯಮ್.
"ಹತ್ತಿರ ಇದ್ದೆ," ಅಂದ, ನನಗಲ್ಲ, ಹಲಗೆಗೆ.

ಮುಂದಿನ ಸೋಮವಾರ ಮತ್ತೆ ಕೇಳುತ್ತೇನೆ.
ಅರ್ಧ ಮರೆತಿರುತ್ತಾನೆ.
ಮರೆಯಲಿ, ಆ ಅರ್ಧ ದಾರಿ ಅವನದೇ.

ಸಂಜೆ ಕಾಲುಚೀಲಗಳನ್ನು ಒಗೆಯಲು ಮನೆಗೆ ತಂದೆ.
ಬಕೆಟ್ಟಿನ ನೀರು ಗುಡ್ಡದ ಬಣ್ಣಕ್ಕೆ ತಿರುಗಿತು:
ಒಂದಿಪ್ಪತ್ತು ಐವತ್ನಾಲ್ಕುಗಳು,
ತುದಿನಾಲಿಗೆಯಿಂದ ಇಳಿಯದ ಯಾವುದೋ ಪದದ ಬಾಲ,
ಗೋಡೆ ಪೂರ್ತಿಯಾಗದ ಒಂದು ಕೋಟೆ.