ಕ್ಷಮ್ಯ ದೋಷ

ನನ್ನದು ತೂಕದ ಇಲಾಖೆ.
ಕಾರವಾರದ ಮೀನು ಮಾರುಕಟ್ಟೆಯ ಅಷ್ಟೂ ತಕ್ಕಡಿ,
ಬಂಗಾರದಂಗಡಿಯ ಗಾಜಿನ ಪೆಟ್ಟಿಗೆಯೊಳಗಿನ ಪುಟ್ಟ ತಟ್ಟೆ,
ಬೈತಕೋಲದಲ್ಲಿ ಲಾರಿ ಹತ್ತಿ ನಿಲ್ಲುವ ಕಬ್ಬಿಣದ ಹಾಸು,
ಎಲ್ಲದರ ಮೇಲೂ ನನ್ನ ಮುದ್ರೆ ಬೀಳಬೇಕು.
ನನ್ನ ತೂಕವನ್ನು ಮಾತ್ರ
ಇಪ್ಪತ್ತೊಂದು ವರ್ಷದಿಂದ ಯಾರೂ ತಪಾಸಣೆ ಮಾಡಿಲ್ಲ.

ಹತ್ತಕ್ಕೆ ಕುರ್ಚಿ.
ಹತ್ತೂಮುಕ್ಕಾಲಿಗೆ ಸಾತು ಗುನಗಿಯ ಚಹಾ,
ಕರಗಲಾರದ ಸಕ್ಕರೆ ಗ್ಲಾಸಿನ ತಳದಲ್ಲಿ ಕೂತದ್ದು ಕಾಣುತ್ತದೆ.
ಹನ್ನೊಂದೂವರೆಗೆ ಯಾರದೋ ಬಡ್ತಿ, ಯಾರದೋ ಮೊಮ್ಮಗನ ನಾಮಕರಣ.
ಯಾರದೂ ಏನೂ ಇಲ್ಲದ ದಿನ ಎದುರು ಕ್ಯಾಂಟೀನಿನ ಬನ್ಸು:
ಬಾಳೆಹಣ್ಣಿನ ಸಿಹಿಯನ್ನು ಹೊಟ್ಟೆಯಲ್ಲಡಗಿಸಿಕೊಂಡು
ಉಬ್ಬಿ, ಕೆಂಪಾಗಿ, ಥೇಟು ನನ್ನಂತೆ
ಪಾತಳ ಭಾಜಿಯ ಬಟ್ಟಲಿಗೆ ಒರಗಿರುತ್ತದೆ.
ಬೇಡ ಅಂದವರನ್ನು ನಮ್ಮ ಆಫೀಸು
ಲೆಕ್ಕ ತಾಳೆಯಾಗದ ಕಡತದ ಹಾಗೆ ನೋಡುತ್ತದೆ.

ದರ್ಜಿ ಸುಲಭಾ ಹೇಳಿದಳು:
ರವಿಕೆಯ ಒಳಮಡಿಕೆ ಬಿಚ್ಚಿ ಬಿಚ್ಚಿ ಕೊಟ್ಟೆ, ಅಕ್ಕ,
ಇನ್ನು ಬಿಚ್ಚಲಿಕ್ಕೆ ಮಡಿಕೆಯೇ ಇಲ್ಲ.
ಹಬ್ಬುವಾಡದ ಡಾಕ್ಟರು ಚೀಟಿಯ ತುದಿಯಲ್ಲಿ ಬರೆದರು:
ದಿನಾ ನಡೆಯಿರಿ.
ಔಷಧಿ ಅಂಗಡಿಯ ಹುಡುಗ ತಿರುಗಿಸಿ ಮುರುಗಿಸಿ ಓದಿ,
ಇದೊಂದು ನಮ್ಮಲ್ಲಿ ಸ್ಟಾಕ್ ಇಲ್ಲ ಅಂದ.
ನಕ್ಕೆವು. ನಕ್ಕು ಆಟೋ ಹತ್ತಿದೆ.

ಆಮೇಲೆ ಆ ಸೋಮವಾರ, ಮಾರುಕಟ್ಟೆಯಲ್ಲಿ ಮುದ್ರೆಯ ಶಿಬಿರ.
ಉಪ್ಪುಗಾಳಿಗೆ ಸವೆದ ಕಲ್ಲುಗಳು ಸಾಲಾಗಿ ಬಂದವು.
ತಳದ ಕುಳಿಗೆ ಸೀಸ ತುಂಬಿ ಸರಿ ಮಾಡುತ್ತೇವೆ, ಅದು ನಮ್ಮ ಪದ್ಧತಿ.
ಶೇವಂತಾ ಹರಿಕಂತ್ರಳ ತಕ್ಕಡಿಗೆ ಐದು ಕಿಲೋದ ಮಾನಕ ಇಡಲು ಬಗ್ಗಿದೆ,
ಬಗ್ಗಿದವಳು ಏಳಲಾಗಲಿಲ್ಲ.
ಬಾಂಗಡೆ ಬುಟ್ಟಿಗಳ ನಡುವೆ, ಸರ್ಕಾರಿ ಗುರುತುಚೀಟಿ ನೆಲ ಮುಟ್ಟಿ,
ಊರೇ ನೋಡುತ್ತಿರುವಾಗ.
ಮೀನಿನ ಕೈಯಿಂದಲೇ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದಳು ಶೇವಂತಾ:
"ಬಾಯೀ, ನಮ್ಮ ಕಲ್ಲು ಸವ್ದ್ರೆ ದಂಡ ಹಾಕ್ತ್ರಿ.
ನಿಮ್ದು ಬೆಳೀತೇ ಉಂಟಲ್ಲ, ಅದಕ್ಕೆ ಯಾರು ಹಾಕೂದು?"

ಅವಳೇನು ನನಗೆ ಮಾದರಿಯಲ್ಲ.
ನಸುಕಿನಿಂದ ಬುಟ್ಟಿ ಹೊತ್ತು ನಡೆದ ಅವಳ ಮಂಡಿಗೂ
ನನ್ನದೇ ಮುಲಾಮು.
ನಡೆದೂ ನೋವು, ಕೂತೂ ನೋವು ಅಂತ
ಇಬ್ಬರೂ ಒಂದೇ ಸ್ಟೂಲಿನ ಎರಡು ತುದಿಗೆ ಕೂತು ಮಾತಾಡಿದೆವು.
ಸ್ಟೂಲು ಅವಳ ಕಡೆಗೆ ವಾಲಲಿಲ್ಲ.

ಸಂಜೆ, ಆಫೀಸು ಖಾಲಿಯಾದ ಮೇಲೆ,
ಪರೀಕ್ಷಾ ಕೋಣೆಯ ದೀಪ ಹಾಕಿ, ಚಪ್ಪಲಿ ಬಿಟ್ಟು,
ನಾನೇ ಮುದ್ರೆ ಒತ್ತಿದ ಯಂತ್ರದ ಮೇಲೆ ಹತ್ತಿದೆ.
ಎಂಬತ್ಮೂರು ಪಾಯಿಂಟ್ ನಾಲ್ಕು.
ಯಂತ್ರ ಸುಳ್ಳು ಎನ್ನುವ ಹಾಗಿಲ್ಲ, ಸಹಿ ನನ್ನದೇ.
ನಿಯಮದ ಪುಸ್ತಕ ತೆಗೆದೆ.
ಯಾವ ತೂಕಕ್ಕೆ ಎಷ್ಟು ತಪ್ಪು ಕ್ಷಮ್ಯ ಎಂಬ ಕೋಷ್ಟಕವಿದೆ ಅದರಲ್ಲಿ,
ಕಬ್ಬಿಣಕ್ಕಿದೆ, ಹಿತ್ತಾಳೆಗಿದೆ.
ನಲವತ್ತಾರು ದಾಟಿದ ಹೆಂಗಸಿಗೆ ಕಾಲಮ್ಮು ಇಲ್ಲ.

ಈಗ ಚಹಾಕ್ಕೆ ಸಕ್ಕರೆ ಬೇಡ. ಸಾತು ಮೂರು ದಿನ ಮಾತು ಬಿಟ್ಟಿದ್ದ.
ಕಡತ ಬೇಕಾದರೆ ಗಂಟೆ ಒತ್ತುವುದಿಲ್ಲ, ಎದ್ದು ಹೋಗುತ್ತೇನೆ,
ಹೋದಲ್ಲಿ ಎರಡು ಮಾತಾಡಿ, ಯಾಕೆ ಬಂದೆನೆಂದು ಮರೆತು
ಇನ್ನೊಮ್ಮೆ ಹೋಗುತ್ತೇನೆ.
ಡಬ್ಬಿಯಲ್ಲಿ ಕುಚಲಕ್ಕಿ ಅನ್ನ ಒಂದು ಮುಷ್ಟಿ, ಬಸಳೆ ಎರಡು ಮುಷ್ಟಿ.
ಬನ್ಸು ಬಿಟ್ಟೆ ಎಂದರೆ ಸುಳ್ಳಾಗುತ್ತದೆ,
ಶುಕ್ರವಾರ ಒಂದು, ಲೆಕ್ಕ ಬರೆದು.
ಊಟದ ಹೊತ್ತಿನಲ್ಲಿ ಹೆದ್ದಾರಿ ದಾಟಿ,
ಚಪ್ಪಲಿ ಕೈಯಲ್ಲಿ ಹಿಡಿದು, ಸೆರಗು ತಲೆಗೆಳೆದು
ಹಸಿ ಮರಳಿನಂಚಿಗೆ, ದೋಣಿ ಕಟ್ಟುವ ಗೂಟದವರೆಗೆ.
ಎರಡು ತಿಂಗಳಿಗೆ ಒಂದು ಕಿಲೋ ಮುನ್ನೂರು ಗ್ರಾಂ.
ಶೇವಂತಾ ಅಂಗೈ ಅಗಲಿಸಿ ಅಳೆದು ತೋರಿಸಿದಳು:
ಒಂದು ಒಳ್ಳೇ ಇಸವಣ, ತಲೆ ತೆಗೆದು.

ವಾಪಸು ಬರುವಾಗ ಎರಡು ಗಂಟೆ ಐದು ನಿಮಿಷ.
ಸಾಹೇಬರು ಗಡಿಯಾರ ನೋಡಿ, ನನ್ನ ನೋಡಿ, ಕಡತ ನೋಡುತ್ತಾರೆ.

ಸಂಜೆ ನನ್ನ ಮೇಜಿನಡಿ ಗುಡಿಸುತ್ತ ಸಾತು,
ಪೊರಕೆ ನಿಲ್ಲಿಸಿ, ಬಗ್ಗಿ ನೋಡಿ ಹೇಳುತ್ತಾನೆ:
"ಮೇಡಂ, ಇವತ್ತು ಮರಳು ಕಡಿಮೆ ಉಂಟು.
ಅರ್ಧಕ್ಕೇ ತಿರುಗಿದ್ರೇನು?"