ಟೇಪ್ ಮಾವಶಿ

ತುಳಶಿಬಾಗದ ಒಳಗಲ್ಲಿ, ಗುಗಳೆ ಶೇಠನ ಅಂಗಡಿ.
ಕೆಳಗ ಗಂಡಸ್ರು ಡಬ್ಬಿ ಇಳಿಸ್ತಾರ,
ಕಣ್ಣಳತಿಲೇ ಹೇಳ್ತಾರ: ಥರ್ಟಿ ಸಿಕ್ಸ್.
ಒಪ್ಪದವರು ಏಣಿ ಹತ್ತಿ ಅಟ್ಟಕ್ಕ ಬರ್ತಾರ.
ಪರದೆ ಹಿಂದ ನಾನು, ಒಂದು ಸ್ಟೂಲು, ಒಂದು ಕನ್ನಡಿ,
ಕೊರಳಾಗ ಟೇಪು.
ಇಂಡಿ ತಾಲೂಕಿನ ಕಸ್ತೂರಿ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ,
ಇಪ್ಪತ್ತೆರಡು ವರ್ಷದಿಂದ ನಾನು ಟೇಪ್ ಮಾವಶಿ.

ಟೇಪಿನ ಮೊದಲ ಇಂಚು ಸವೆದು ಹೋಗೇತಿ.
ಒಂದರಿಂದ ಹಿಡಿದು, ಕಡೀಕ ಒಂದು ಕಳೀತೀನಿ.
ಈ ಲೆಕ್ಕ ಶೇಠಗೂ ಹೇಳಿಲ್ಲ.

ಟೇಪು ಸುಳ್ಳು ಹೇಳೂದಿಲ್ಲ, ಉಸಿರು ಹೇಳತೈತಿ.
ಮೈಗೆ ಟೇಪು ತಾಗಿದ ಕೂಡ್ಲೆ ಹೆಂಗಸ್ರು ಉಸಿರು ಹಿಡೀತಾರ,
ಫೋಟೋದವನ ಮುಂದ ನಿಂತಂಗ,
ಅತ್ತಿ ಮುಂದ ನಿಂತಂಗ.
"ಬಿಡ್ರಿ ಬಾಯಿ, ಉಸಿರು ಬಿಡ್ರಿ."
ಬಿಟ್ಟ ಮ್ಯಾಲ ಬರೂದು ಖರೆ ಅಂಕಿ.

ದೀಪಾವಳಿಗೆ ಮೊದಲು ಶೇಠ ವಹಿ ತಗೊಂಡು ಕೇಳ್ತಾನ:
"ಮಾವಶಿ, ಸರಾಸರಿ ಏನು? ಮಾಲು ತರಿಸಬೇಕು."
"ಮೂವತ್ನಾಕು, ಬಿ" ಅಂತೀನಿ, ಮಗ್ಗಿ ಒಪ್ಪಿಸಿದಂಗ.
ಸರಾಸರಿ ಅಂಬೋ ಹೆಂಗಸು ಈ ಏಣಿ ಹತ್ತಿ ಬಂದಿದ್ದು
ನಾನಂತೂ ನೋಡಿಲ್ಲ.

ನಿನ್ನೆ ಮಧ್ಯಾಹ್ನ ಖಾಕಿ ತೊಟ್ಟಾಕಿ ಒಬ್ಬಾಕಿ ಬಂದ್ಳು,
ಸ್ವಾರಗೇಟ ಡೀಪೋದ ಕಂಡಕ್ಟರ್.
ಎದಿ ಮ್ಯಾಲಿನ ಪಟ್ಟಿ: ಖಿಲಾರೆ ಆರ್. ಡಿ.
ಶರ್ಟು ತೆಗೆದ್ಳು. ಎರಡೂ ಹೆಗಲಿಗೆ ಹಳ್ಳ,
ಬಟ್ಟು ಇಟ್ರ ಮುಳಗೂವಷ್ಟು.
ನಮ್ಮೂರ ಖಿಲಾರಿ ಎತ್ತು ನೆನಪಾತು, ನೊಗ ಇಳಿಸಿದಾಗಿನದು.
ಹೆಸರಿಗೆ ನಗೂದೋ ಹೆಗಲಿಗೆ ಅಳೂದೋ ತಿಳೀದ
ಸುಮ್ಮನ ಟೇಪು ಬಿಚ್ಚಿದೆ.

ಹದಿನೆಂಟು ವರ್ಷದಿಂದ ಮೂವತ್ತಾರು ಬಿ.
ಮದುವಿ ಬಸ್ತಿನಾಗ ನೆಗೆಣ್ಣಿ ಆರಿಸಿದ್ದು,
ರೇಶನ್ ಕಾರ್ಡಿನ ನಂಬರಿನಂಗ ಬದಲಾಗಿಲ್ಲ.
ಬೆನ್ನಿನ ಪಟ್ಟಿ ಮ್ಯಾಲ ಹತ್ತಿ ಹತ್ತಿ ಕುತಿಗಿ ಮುಟ್ಟೂದಿತ್ತು.

ಅಳದೆ. ಬಿಡ್ರಿ ಉಸಿರು. ಮತ್ತ ಅಳದೆ.
"ಮೂವತ್ತೆರಡು. ಡಿ."
"ಡಿ? ನಾನಾ?"
ಸಾಲಿ ರಿಸಲ್ಟ್ ಹತ್ತು ಮಂದ್ಯಾಗ ಓದಿದಂಗ ಕೆಂಪಾದ್ಳು.
ಬಟ್ಟಲು ಅದಾ ಐತಿ ಬಾಯಿ, ಹಗ್ಗ ಸಡಲಿತ್ತು.
ಭಾರೆಲ್ಲ ಹೆಗಲಿಗೆ ಯಾಕ, ಬೆನ್ನು ಹೊರತೈತಿ.
ಹೊಸಾದಿದ್ದಾಗ ಕಡೀ ಹುಕ್ಕಿಗೆ ಹಾಕ್ರಿ,
ಹಿಗ್ಗಿದಂಗ ಒಳಗಿನದಕ್ಕ ಬರ್ರಿ.
ಪಟ್ಟಿ ಕೆಳಗ ಎರಡು ಬಟ್ಟು ಹೋಗಬೇಕು. ಮೂರನೇದು ಬ್ಯಾಡ.

ತೊಟ್ಟು ಕನ್ನಡಿಗೆ ನಿಂದರಲಿಲ್ಲ ಆಕಿ.
ಅಟ್ಟದ ತೊಲಿ ಹಿಡಿದು ಬಸ್ಸಿನಾಗ ನಿಂತಂಗ ನಿಂತ್ಳು,
ಬಗ್ಗಿ, ಇಲ್ಲದ ಮುದುಕಗ ಚಿಲ್ಲರ ಕೊಟ್ಳು,
ಇಲ್ಲದ ಹಗ್ಗ ಜಗ್ಗಿ ಎರಡು ಗಂಟಿ ಹೊಡದ್ಳು: "ಚಲಾ!"
ನಕ್ಕೆವು. ಕೆಳಗಿನ ಗಂಡಸ್ರು ಗಪ್ಪಾದ್ರು.

ಗುಂಡಿ ಹಾಕ್ಕೋತ ಕೇಳಿದ್ಳು:
"ಮಾವಶಿ, ನಿಮ್ದೆಷ್ಟು?"

ನಂದು.

ನಮ್ಮವ್ವನ ಕುಪ್ಪಸಕ್ಕ ಅಂಕಿ ಇರಲಿಲ್ಲ.
ಖಣದ ಕುಪ್ಪಸ, ಮುಂದ ಒಂದು ಗಂಟು.
ಉಂಡಾಗ ಸಡಲ, ಬೆವತಾಗ ಸಡಲ,
ಕೂಸು ಅತ್ತಾಗ ಬಿಚ್ಚು.
ಗಂಟು ಕಟ್ಟೋ ಕೈಗೇ ಅಳತಿ ಗೊತ್ತಿತ್ತು.
ನಾನು ಕೆಲಸಕ್ಕ ಹತ್ತಿದ ದಿನ ಈ ಶೇಠನ ಅಪ್ಪ
ತಲಿ ಎತ್ತದ ಒಂದು ಡಬ್ಬಿ ಸರಿಸಿದ್ದ.
ಅದಾ ನಡೀಲಿಕ್ಕತ್ತೇತಿ.

"ನಿಂದರ್ರಿ" ಅಂದ್ಳು.
ಟಿಕೀಟು ಹರದು ಹರದು ಒರಟಾದ ಬಟ್ಟು.
ನನ್ನ ಟೇಪು ನನ್ನ ಸುತ್ತ ಬಂತು. ತಣ್ಣಗಿತ್ತು.
ಇಷ್ಟು ತಣ್ಣಗಿರತೈತಿ ಅಂತ
ಇಷ್ಟು ವರ್ಷ ಒಬ್ಬಾಕಿನೂ ಹೇಳಲಿಲ್ಲ.
"ಮೊದಲ ಇಂಚು ಇಲ್ಲ, ಒಂದು ಕಳೀಬೇಕು" ಅಂದೆ.
"ಆಮ್ಯಾಲ ಕಳೆಯೂಣು. ಮೊದಲ ಉಸಿರು ಬಿಡ್ರಿ, ಮಾವಶಿ."

ಸಂಜಿಗೆ ಶೇಠ ವಹಿ ತಂದ. ಸರಾಸರಿ ಏನು?
ಮೂವತ್ನಾಕು ಬಿ ನಾಲಿಗಿ ತುದಿಗಿತ್ತು.
ಅದು ಆ ಡಬ್ಬಿ ಮ್ಯಾಲಿನ ಅಂಕಿ,
ಬ್ಯಾರೆ ಯಾರದೂ ಅಲ್ಲ.
"ಮೊದಲ ಹೊಸಾ ಟೇಪು ಒಂದು ಬರ್ಕೊಳ್ರಿ" ಅಂದೆ,
"ಪೂರಾ ಇರೂದು."