ಒಂದು ಮಿನಿಟು ಮಗ್ಗ ಬಂದ್

ಒಂದು ಮಿನಿಟು ಮಗ್ಗ ಬಂದ್ ಮಾಡಸ್ರಿ, ಅಂದಳು ಸುಮನ್ ತಾಯಿ.
ತಾಯಿ ಅಂದರ ಅವರ ಮಾತಿನಾಗ ಅಕ್ಕ,
ನಮ್ಮ ಮಾತಿನಾಗ ಅವ್ವ.
ಆ ಹೊತ್ತಿಗೆ ಎರಡೂ ಖರೇ ಇತ್ತು.

ಸೊಲ್ಲಾಪುರದಾಗ ನಮ್ಮ ಖೋಲಿಗೂ ಶೆಡ್ಡಿಗೂ ಒಂದೇ ಗ್ವಾಡಿ.
ಕಣ್ಣು ಕೂಸಿನ ಹೊಟ್ಟಿ ಮ್ಯಾಲ ಇಟ್ಟರೂ
ಎಣಿಕಿ ಲಾಳಿ ಬೆನ್ನ ಹತ್ತಿ ಓಡತದ ಅಂತ,
ಎರಡು ಸಲ ಎಣಿಸಿ ಎರಡು ಸಲ ತಪ್ಪಿದ್ದಳು ಆಕಿ.

ಅಂಬಾದಾಸ ಹಿಡಿಕಿ ಎಳದ.
ನಾಲ್ಕೂ ಮಗ್ಗ ನಿಂತವು.
ಟಾವೆಲಿನ ನವಿಲು ಕುತ್ತಿಗಿ ಮಟ ನೇಯ್ದು ಅಲ್ಲೇ ಉಳೀತು.

ಆಗ ಕೇಳಿಸಿತು.
ನಳದ ಹನಿ. ಹಿಂದಿನ ಓಣಿಯಾಗ ಯಾರೋ ಭಾಂಡಿ ಉಜ್ಜೂದು.
ಆಮ್ಯಾಲ ಚನ್ನವೀರ,
ಎರಡೂವರಿ ವರ್ಷದವ,
ಒಂದೊಂದು ಉಸರಿನ ತುದಿಗೂ
ಹೂಂ ಅಂತಿದ್ದ, ಯಾರೋ ಕಥಿ ಹೇಳಾಕತ್ತಾರ ಅನ್ನೂ ಹಾಂಗ.

ಇಪ್ಪತ್ತು. ಮೂವತ್ತೊಂದು.
ಈ ವಯಸ್ಸಿಗೆ ನಲವತ್ತು ಮುಟ್ಟಬಾರದಂತ.
ಮುಳ್ಳು ಸುತ್ತು ಮುಗಿಸಿದಾಗ ಐವತ್ತಾರು.
ಅಂಗಿ ಎತ್ತಿ ತೋರಿಸಿದಳು:
ಉಸರು ತಗೊಂಡಾಗೆಲ್ಲ ಪಕ್ಕಡಿ ಕೆಳಗ ಎದಿ
ಕುಣಿ ಬಿದ್ದಾಂಗ ಒಳಗ ಹೋಗತಿತ್ತು.

ಇಂಚಿಗೆ ಎಷ್ಟು ಎಳಿ, ಪಾಳಿಗೆ ಎಷ್ಟು ಡಜನ್,
ದಿನಾ ಎಣಿಸಾವ ನಾನು.
ಇದೊಂದು ಎಂದೂ ಎಣಿಸಿದ್ದಿಲ್ಲ.

ಒಲಿಯಾಗ ಅವ್ವ ಬಳಿ ಚೂರು ಕಾಯಾಕ ಇಟ್ಟಿದ್ದಳು.
ಡಬ್ಬಾ ಆಗ್ಯದ, ಎರಡು ಬರಿ ಹಾಕಿದರ ಇಳೀತದ,
ನಾ ಬದುಕಿಲ್ಲೇನು?
ಆಕಿ ಹೊಟ್ಟಿ ಮ್ಯಾಲ ಹುಣಸೀ ಬೀಜದಂಥ ಎರಡು ಗುರ್ತು ಅದಾವ.
ಆಕಿ ಬೆನ್ನಿಗೆ ಹುಟ್ಟಿದ ತಮ್ಮಗೂ ಇದ್ದವು.
ಅವನ ಮಾತು ಆಕಿ ಎತ್ತಲಿಲ್ಲ.
ನಾನೂ ಎತ್ತಲಿಲ್ಲ.

ಸಿವಿಲ್ ದವಾಖಾನಿ. ಬೆರಳಿಗೆ ಚಿಮಟಿ, ಎಂಬತ್ತೆಂಟು ಅಂತ ಕೆಂಪು ಅಂಕಿ.
ಮೂಗಿಗೆ ನಳಿಗಿ, ರಕ್ತನಾಳಕ್ಕ ಸೂಜಿ.
ಡಾಕ್ಟರ್ ಹುಡುಗಿ ಫೋಟೋ ಬೆಳಕಿಗೆ ಹಿಡದು ಮರಾಠಿಯಾಗ ಹೇಳಿದಳು:
ಹವಾ ಇದ್ದಲ್ಲಿ ಕಪ್ಪು, ಹವಾ ಇಲ್ಲದಲ್ಲಿ ಬಿಳಿ.
ಬಲಗಡೆ ಕೆಳಗ, ಗಂಜಿ ಹೆಚ್ಚಾಗಿ
ಎಳಿಗೆ ಎಳಿ ಅಂಟಿಕೊಂಡ ಹಾಸಿನ ಹಾಂಗ
ಒಂದು ಜಾಗಾ ಬಿಳಿ ಇತ್ತು. ನನಗ ತಿಳೀತು.

ಅವ್ವಗ ಕನ್ನಡದಾಗ ಹೇಳಬೇಕಾಗಿತ್ತು.
ಅವ್ವಾ, ಎದಿಯಾಗ ಲೆಕ್ಕ ಇಲ್ಲದಷ್ಟು ಸಣ್ಣ ಖೋಲಿ ಅದಾವ,
ಗಾಳಿ ಬಂದು ಕುಂತು ಹೋಗೂ ಖೋಲಿ.
ಜಂತು ಹೊಕ್ಕು ಅಲ್ಲಿ ಕೀವು ತುಂಬ್ಯದ.
ಗಾಳಿಗೆ ಕುಂಡ್ರಾಕ ಜಾಗಾ ಇಲ್ಲ,
ಅದಕ್ಕ ಉಳಿದ ಖೋಲಿಗೆ ಓಡ್ಯಾಡಾಕತ್ತದ.

ಅವ್ವ ಬಾಳ ಹೊತ್ತು ಸುಮ್ಮನಿದ್ದಳು.
ಕೀವು ಅಂದಮ್ಯಾಲ, ಸುಟ್ಟರ ಒಣಗೂದಿಲ್ಲೇನೋ?
ಬೆಂಕಿ ತೊಗಲಿನ ಮ್ಯಾಲ ಅವ್ವಾ. ಕೀವು ಒಳಗ.
ನಡುವ ಪಕ್ಕಡಿ ಅದಾವ.

ನಮ್ಮ ಶೆಡ್ಡಿನ ಧೂಳಿಂದ ಆತೇನ್ರಿ, ಅಂತ ಕೇಳಿದೆ.
ರೋಗ ತಂದದ್ದು ಜಂತು, ಅಂದಳು ಡಾಕ್ಟರ್,
ಧೂಳು, ಒಲಿ ಹೊಗಿ, ಬಾಗಲಾ ತೆಗದಿಟ್ಟಿರಬೇಕು.
ಒಂದು ಕಿಡಕಿ ಇಟ್ಟು ಖೋಲಿ ಕಟ್ಟಿದ ಸೇಠನ ಹೆಸರು
ಆಕಿಗೆ ನಾ ಹೇಳಲಿಲ್ಲ.

ಮಗ್ಗ ಒಮ್ಮಿಗೇ ನಿಂತು ಹೊಂಟರ ಬಟ್ಟಿಗೆ ಅಡ್ಡ ಗೆರಿ ಬೀಳತದ.
ಮೂವತ್ತು ರೂಪಾಯಿ ಮುರಕೊಂಡರು, ಅಂಬಾದಾಸನ ಪಗಾರದಾಗ.
ಅವ ಆ ಟಾವೆಲು ತಂದು ಮಂಚದ ಕಾಲಿಗೆ ಹಾಕಿ ಹೋದ,
ತೆಲುಗಿನಾಗ ಏನೋ ಬೈಕೋತ.
ನವಿಲಿನ ಕೊಳ್ಳಿನಾಗ ದಾರ ಕಟ್ಟಿದಾಂಗ ಕಾಣತದ ಗೆರಿ.

ನಾಲ್ಕನೇ ರಾತ್ರಿ ಎಚ್ಚರಾದಾಗ
ವಾರ್ಡಿನ ನೆಲದ ಮ್ಯಾಲ ಅವ್ವ,
ಅಂಕಿ ಬರದಾಕಿ,
ಉಡಿಯಾಗಿನ ಜ್ವಾಳದ ಕಾಳು
ಒಂದುಸರಿಗೆ ಒಂದರಂತೆ ಗಂಗಾಳಕ್ಕ ಹಾಕತಿದ್ದಳು.
ಗಡಿಯಾರ ಇದ್ದಿದ್ದಿಲ್ಲ ಆಕಿ ಹತ್ರ.
ಎಷ್ಟಾತವ್ವಾ, ಅಂದೆ.
ಮಾತಾಡಬ್ಯಾಡ, ತಪ್ಪತದ, ಅಂದಳು.